ಗೆರೆ ಬೇಡವೆನ್ನುವವರ ಜಲವರ್ಣ

ಜಲವರ್ಣದಲ್ಲಿ ಗೆರೆ ಕಾಣಿಸಬಾರದು ಎಂಬ ಮಾತು ನಮ್ಮ ಚಿತ್ರಕಲಾ ವಲಯದಲ್ಲಿ ಹೆಚ್ಚುಕಡಿಮೆ ಶಾಸ್ತ್ರವೇ ಆಗಿಬಿಟ್ಟಿದೆ. ಪೆನ್ನು ಹಿಡಿದು ಹಳೆಯ ಮನೆಯೊಂದರ ಸೂರು, ಕಂಬ, ಕಿಟಕಿಗಳನ್ನು ಬರೆದು, ಅದರ ಮೇಲೆ ತೆಳುವಾಗಿ ನೀರುಬಣ್ಣ ಹಾಯಿಸಿದ ಹಾಳೆಯನ್ನು ಯಾವುದಾದರೂ ಶಿಬಿರದಲ್ಲಿ ಮುಂದಿಟ್ಟು ನೋಡಬೇಕು. "ಡ್ರಾಯಿಂಗ್ ಚೆನ್ನಾಗಿದೆ, ಪೇಂಟಿಂಗ್ ಆಗಿಲ್ಲ" ಎಂಬ ತೀರ್ಪು ಸಿದ್ಧವಾಗಿರುತ್ತದೆ. ಇನ್ನೂ ಬಿಗಿಯಾದವರು "ಇದು ಇಲಸ್ಟ್ರೇಷನ್" ಎಂದು ಬದಿಗಿಡುತ್ತಾರೆ. ಪುಸ್ತಕದ ಪುಟ ತುಂಬಿಸಲು ಆದೀತು, ಗೋಡೆಯ ಮೇಲೆ ತೂಗುಹಾಕಲು ಅಲ್ಲ ಎಂಬುದು ಅದರ ಒಳಾರ್ಥ. ಒದ್ದೆ ಹಾಳೆಯ ಮೇಲೆ ಬಣ್ಣ ಹರಿಯಬೇಕು, ಅಂಚುಗಳು ಕರಗಬೇಕು, ಕಟ್ಟಡ ಇದ್ದರೂ ಅದು ಮಂಜಿನಾಚೆ ನಿಂತಂತೆ ಕಾಣಬೇಕು. ಶುದ್ಧ ಜಲವರ್ಣ ಎಂದರೆ ಅದೊಂದೇ ಅಂತೆ.

ಈ ಶಾಸ್ತ್ರಕ್ಕೆ ಚರಿತ್ರೆಯ ಆಧಾರವಿಲ್ಲ, ಕಸುಬಿನ ಆಧಾರವೂ ಇಲ್ಲ. ಅದರಲ್ಲೂ ಶಿರಸಿ, ಸಿದ್ದಾಪುರ, ಯಲ್ಲಾಪುರದ ನೆಲದಲ್ಲಿ ನಿಂತು ಯಾರಾದರೂ ಹೀಗೆ ಹೇಳಿದರೆ, ಅವರು ತಮ್ಮ ಬೆನ್ನ ಹಿಂದಿನ ಗೋಡೆಯನ್ನು ತಿರುಗಿ ನೋಡಿಲ್ಲ ಎಂದೇ ಅರ್ಥ.

ಶಿರಸಿಯ ಮಾರಿಕಾಂಬೆಯ ಗುಡಿ 1688ರದ್ದು. ಎರಡು ವರ್ಷಕ್ಕೊಮ್ಮೆ ಜಾತ್ರೆಗೆ ಬರುವ ಲಕ್ಷಾಂತರ ಜನ ದೇವಿಯ ಮುಖ ನೋಡಿಕೊಂಡು ಹೋಗುತ್ತಾರೆ, ಅದು ಸಹಜ. ಆ ಗುಡಿಯ ಗೋಡೆಗಳಲ್ಲಿರುವ ಕಾವಿ ಕಲೆಯನ್ನು ಮಾತ್ರ ಚಿತ್ರ ಕಲಿಯುವವರಾದರೂ ನಿಂತು ನೋಡಬೇಕಿತ್ತು. ಚಿಪ್ಪು ಸುಟ್ಟು ಮಾಡಿದ ಸುಣ್ಣಕ್ಕೆ ತೊಳೆದ ಮರಳು, ಬೆಲ್ಲ ಸೇರಿಸಿ, ದಿನಗಟ್ಟಲೆ ಕೊಳೆಹಾಕಿ, ಕುಟ್ಟಿ ಹದಮಾಡಿ ಗೋಡೆಗೆ ಬಿಳಿಯ ಗಾರೆ ಹಚ್ಚುತ್ತಿದ್ದರು. ಅದರ ಮೇಲೆ ಕೆಮ್ಮಣ್ಣಿನ ಬಣ್ಣ ಸೇರಿದ ತೆಳುವಾದ ಇನ್ನೊಂದು ಪದರ. ಅದು ಹಸಿಯಾಗಿರುವಾಗಲೇ ಉಕ್ಕಿನ ಮೊನೆಯಿಂದ, ಕಂಪಾಸಿನಿಂದ ಗೆರೆ ಕೊರೆದು, ಬೇಡದ ಕೆಂಪನ್ನು ಕೆರೆದು ತೆಗೆದರೆ ಕೆಳಗಿನ ಬಿಳಿ ಹೊರಬರುತ್ತಿತ್ತು. ಇಲ್ಲಿ ಬಣ್ಣ ಮೊದಲೋ ಗೆರೆ ಮೊದಲೋ? ಕೇಳಿದವರಿಗೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ಎರಡೂ ಒಂದೇ ಕೆಲಸದಲ್ಲಿ ಹುಟ್ಟುತ್ತವೆ. ಗೆರೆಯನ್ನು ತೆಗೆದರೆ ಗೋಡೆ ಬರೀ ಕೆಂಪು, ಬಣ್ಣವನ್ನು ತೆಗೆದರೆ ಬರೀ ಬಿಳಿ. ಹೊನ್ನಾವರದ ಕೃಷ್ಣಾನಂದ ಕಾಮತರು ಈ ಕಲೆಯ ಬೆನ್ನು ಹತ್ತಿ ಗುಡಿಯಿಂದ ಗುಡಿಗೆ ಅಲೆದು ದಾಖಲಿಸದೆ ಹೋಗಿದ್ದರೆ, ಜೀರ್ಣೋದ್ಧಾರದ ಹೆಸರಿನಲ್ಲಿ ಕೆಡವಿದ ಗೋಡೆಗಳ ಜತೆ ಇದರ ನೆನಪೂ ಹೋಗುತ್ತಿತ್ತು.

ಇನ್ನು ಹಸೆ ಚಿತ್ತಾರ. ಸಿದ್ದಾಪುರ, ಶಿರಸಿ, ಆಚೆಯ ಸಾಗರ ಸೀಮೆಯ ದೀವರ ಹೆಣ್ಣುಮಕ್ಕಳು ಮದುವೆಯ ಮನೆಯಲ್ಲಿ ಗೋಡೆಗೆ ಮೊದಲು ಕೆಮ್ಮಣ್ಣು ಸಾರಿಸುತ್ತಾರೆ. ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರುಗೆ ಬೀಜದ ಹಳದಿ ಅವರ ಬಣ್ಣಗಳು. ಕುಂಚವೆಂದರೆ ಪುಂಡಿನಾರು. ಬಣ್ಣದ ಹಾಸು ಮೊದಲು, ಅದರ ಮೇಲೆ ಒಂದಕ್ಕೊಂದು ಹೆಣೆದ ನೇರ ಗೆರೆ. ಕೈ ನಡುಗದೆ ಮೊಳದುದ್ದ ಎಳೆಯುವ ಆ ಗೆರೆಗೆ ಸ್ಕೇಲು ಇಲ್ಲ, ಪೆನ್ಸಿಲಿನ ಗುರುತಿಲ್ಲ. ಭೂಮಿಹುಣ್ಣಿಮೆಯ ಬುಟ್ಟಿಗೂ ಇದೇ ಕ್ರಮ. "ಗೆರೆ ಕಂಡರೆ ಅದು ಚಿತ್ರವಲ್ಲ" ಎಂಬ ತತ್ವವನ್ನು ಈ ಹೆಣ್ಣುಮಕ್ಕಳ ಮುಂದೆ ಯಾರೂ ಹೇಳಲಾರರು. ಹಾಗಿದ್ದೂ ಅದೇ ಊರಿನ ಶಾಲೆಯಲ್ಲಿ ಅವರ ಮಕ್ಕಳಿಗೆ ಅದನ್ನೇ ಕಲಿಸಲಾಗುತ್ತದೆ. ಅಜ್ಜಿಯ ಗೋಡೆ ಜಾನಪದ, ಮೇಷ್ಟ್ರ ಒದ್ದೆ ಹಾಳೆ ಕಲೆ ಎಂಬ ಈ ವಿಂಗಡಣೆ ಯಾರಿಗೆ ಲಾಭ ತಂದಿದೆಯೋ ಗೊತ್ತಿಲ್ಲ. ಕಲಿಯುವ ಮಗುವಿಗಂತೂ ತರಲಿಲ್ಲ.

ಶುದ್ಧವಾದಿಗಳು ತಮ್ಮ ಪರ ಯುರೋಪಿನ ಚರಿತ್ರೆಯನ್ನು ಕರೆಯುತ್ತಾರೆ. ಆ ಚರಿತ್ರೆ ಅವರ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಜಲವರ್ಣಕ್ಕೆ ಸ್ವಂತ ನೆಲೆ ಸಿಕ್ಕಿದ್ದೇ ಊರು, ಕೋಟೆ, ಇಗರ್ಜಿಗಳ ನಕ್ಷೆಯಂಥ ಚಿತ್ರಗಳಿಂದ. ಪಾಲ್ ಸ್ಯಾಂಡ್ಬಿ ಮೊದಲಾದವರು ಪೆನ್ಸಿಲು ಇಲ್ಲವೆ ಮಸಿಯಲ್ಲಿ ಕಟ್ಟಡ ಬರೆದು ಮೇಲೆ ತೆಳು ಬಣ್ಣ ಹಾಯಿಸುತ್ತಿದ್ದರು. 1790ರ ದಶಕದಲ್ಲಿ ಲಂಡನ್ನಿನ ಡಾ. ಮನ್ರೋ ಅವರ ಮನೆಯಲ್ಲಿ ಇಬ್ಬರು ಹುಡುಗರು ಸಂಜೆ ಸಂಜೆ ಕುಳಿತು ಚಿತ್ರಗಳ ಪ್ರತಿ ಮಾಡುತ್ತಿದ್ದರು. ಥಾಮಸ್ ಗರ್ಟಿನ್ ಗೆರೆ ಎಳೆಯುತ್ತಿದ್ದ, ಇನ್ನೊಬ್ಬ ಅದಕ್ಕೆ ಬಣ್ಣದ ಪದರ ಕೊಡುತ್ತಿದ್ದ. ಆ ಇನ್ನೊಬ್ಬನೇ ಜೆ.ಎಂ.ಡಬ್ಲ್ಯು. ಟರ್ನರ್. ಅಂಚು ಕರಗಿಸುವ ಜಲವರ್ಣಕ್ಕೆ ಇವರೆಲ್ಲ ಮೂಲಪುರುಷನೆಂದು ಕೈಮುಗಿಯುವ ಟರ್ನರ್ ಕೈಪಳಗಿಸಿಕೊಂಡದ್ದು ಮತ್ತೊಬ್ಬನ ಗೆರೆಯ ಮೇಲೆ ಬಣ್ಣ ಹಚ್ಚಿ!

ಜಾನ್ ಸಿಂಗರ್ ಸಾರ್ಜೆಂಟನ ವೆನಿಸ್ ಚಿತ್ರಗಳನ್ನು ಸರಾಗ ಕುಂಚಕ್ಕೆ ಮಾದರಿಯೆಂದು ಎಲ್ಲ ಶಿಬಿರಗಳಲ್ಲೂ ತೋರಿಸುತ್ತಾರೆ. ನ್ಯೂಯಾರ್ಕಿನ ಬ್ರೂಕ್ಲಿನ್ ಮ್ಯೂಸಿಯಂ 1909ರಲ್ಲಿ ಅವನ 83 ಜಲವರ್ಣಗಳನ್ನು ಒಟ್ಟಿಗೇ ಕೊಂಡಿತು. ಅಲ್ಲಿರುವ 1904ರ 'ಸಾಂತಾ ಮರಿಯಾ ದೆಲ್ಲಾ ಸಲೂತೆ' ಚಿತ್ರದ ವಿವರದಲ್ಲಿ ಕೆಳಗೆ ಪೆನ್ಸಿಲ್ ರೇಖೆ ಇದೆಯೆಂದು ಸ್ಪಷ್ಟವಾಗಿ ಬರೆದಿದೆ. ಇಗರ್ಜಿಯ ಕಂಬಸಾಲು, ಮೆಟ್ಟಿಲು, ಕಮಾನುಗಳ ಅಳತೆಯನ್ನು ಮೊದಲು ಪೆನ್ಸಿಲಿನಲ್ಲಿ ಗಟ್ಟಿಮಾಡಿಕೊಂಡ ಮೇಲೆಯೇ ಆ 'ಸರಾಗ' ಕುಂಚ ಓಡಿದ್ದು. ಸೆಜಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಬಣ್ಣ ಹಚ್ಚಿದ ಮೇಲೂ ಮತ್ತೆ ಪೆನ್ಸಿಲು ಹಿಡಿದು, ಅದೇ ಅಂಚನ್ನು ನಾಲ್ಕಾರು ಗೆರೆಗಳಲ್ಲಿ ಹುಡುಕುತ್ತ ಹೋದ. ಇವನ್ನೆಲ್ಲ 'ಡ್ರಾಯಿಂಗ್ ಮಾತ್ರ' ಎಂದು ಬದಿಗಿಡುವ ಧೈರ್ಯ ಯಾರಿಗಿದೆ?

ನಮ್ಮಲ್ಲಿಗೆ ಬಂದರೂ ಇದೇ ಕತೆ. ಕರ್ನಲ್ ಕಾಲಿನ್ ಮೆಕೆಂಜಿ 1799ರಲ್ಲಿ ಹಂಪಿಯ ಅವಶೇಷಗಳ ಸರ್ವೆ ಮಾಡಿದಾಗ, ಮುಂದೆ ಮೈಸೂರು ಸೀಮೆಯನ್ನು ಅಳೆದಾಗ, ಅವನ ಜತೆಗಾರರು ಗುಡಿಗೋಪುರಗಳನ್ನು ದಾಖಲಿಸಿದ್ದು ಪೆನ್ನಿನ ಗೆರೆ ಮತ್ತು ತೆಳು ಬಣ್ಣದ ಜೋಡಿಯಿಂದ. ಮೈಸೂರು ಶೈಲಿಯ ಚಿತ್ರಕಾರರು ಹುಣಸೆ ಕಡ್ಡಿಯ ಇದ್ದಿಲಿನಲ್ಲಿ ರೇಖೆ ಹಾಕಿ, ಬಣ್ಣ ತುಂಬಿ, ಕೊನೆಗೆ ಮತ್ತೆ ಸೂಕ್ಷ್ಮ ಗೆರೆಯಿಂದ ಮುಗಿಸುತ್ತಿದ್ದರು. ಉಡುಪಿ ಸಮೀಪದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಬಣ್ಣದಲ್ಲಿ ಎಷ್ಟು ದೊಡ್ಡವರೋ ರೇಖೆಯಲ್ಲೂ ಅಷ್ಟೇ ದೊಡ್ಡವರು. ಅವರ ರೇಖೆ ಬಣ್ಣದ ಆಳಾಗಿ ಎಂದೂ ದುಡಿಯಲಿಲ್ಲ. ಬೆಂಗಳೂರಿನ ಪಾಲ್ ಫರ್ನಾಂಡಿಸ್ 1960-70ರ ದಶಕದ ಕಂಟೋನ್ಮೆಂಟ್ ಬೀದಿಗಳನ್ನು, ಕೆಡವಿಹೋದ ಬಂಗಲೆಗಳನ್ನು, ಮಸಿಗೆರೆ ಮತ್ತು ನೀರುಬಣ್ಣದಲ್ಲಿ ಜನರಿಗೆ ಮರಳಿ ಕೊಟ್ಟರು. ಅವರ ಚಿತ್ರ ನೋಡಿ ಬೆಂಗಳೂರಿನ ಹಿರಿಯರು "ಇದು ಇಂಥ ತಿರುವು, ಇಲ್ಲಿ ಇಂಥ ಅಂಗಡಿ ಇತ್ತು" ಎಂದು ಗುರುತು ಹಿಡಿಯುತ್ತಾರೆ. ಅಷ್ಟು ನಿಖರವಾಗಿ ಗುರುತು ಹತ್ತಿಸುವ ಶಕ್ತಿ ಹರಿಬಿಟ್ಟ ಬಣ್ಣಕ್ಕೆ ಮಾತ್ರವೇ ಇರಲಾರದು.

ಇಲ್ಲಿ ಶುದ್ಧವಾದಿಗಳ ಬಲವಾದ ಉದಾಹರಣೆಯೊಂದನ್ನು ಎದುರಿಸಲೇಬೇಕು. ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಚಿತ್ರಗಳಲ್ಲಿ ಗೆರೆ ಎದ್ದು ಕಾಣುವುದಿಲ್ಲ, ಅವು ಕನ್ನಡನಾಡಿನ ಜಲವರ್ಣದ ಶಿಖರ. ಎರಡೂ ಮಾತು ನಿಜ. ಆದರೆ ವೆಂಕಟಪ್ಪನವರ ವಸ್ತು ಯಾವುದು? ಬೆಟ್ಟ, ಮೋಡ, ಮಂಜು, ಇಳಿಬಿಸಿಲು. ಮಂಜಿಗೆ ಅಂಚಿಲ್ಲ, ಅದನ್ನು ಗೆರೆಯಲ್ಲಿ ಹಿಡಿಯಹೊರಟರೆ ಸುಳ್ಳಾಗುತ್ತದೆ. ಕಟ್ಟಡವಾದರೋ ಅಂಚಿನಿಂದಲೇ ಹುಟ್ಟಿದ್ದು. ಮೇಸ್ತ್ರಿ ದಾರ ಹಿಡಿದು ಗೋಡೆ ಎಬ್ಬಿಸುತ್ತಾನೆ, ಆಚಾರಿ ಸುಣ್ಣದ ದಾರ ಮಿಡಿದು ತೊಲೆಯನ್ನು ಕೊಯ್ಯುತ್ತಾನೆ. ಗೆರೆಯಿಂದ ಎದ್ದುನಿಂತ ವಸ್ತುವನ್ನು ಚಿತ್ರಿಸುವವನು ಗೆರೆ ಮುಟ್ಟಬಾರದು ಎಂದರೆ ಅದಕ್ಕಿಂತ ದೊಡ್ಡ ಅನ್ಯಾಯ ಇಲ್ಲ. ವೆಂಕಟಪ್ಪನವರು ಮಂಜಿಗೆ ಕೊಟ್ಟ ನ್ಯಾಯವನ್ನು ಶಿರಸಿಯ ಪೇಟೆಬೀದಿಗೆ ಕೊಡಬೇಕಾದರೆ ದಾರಿ ಬೇರೆಯೇ ಆಗಬೇಕು.

ಆ ಬೀದಿಯ ಒಂದು ಮನೆಯನ್ನೇ ತೆಗೆದುಕೊಳ್ಳೋಣ. ಕೆಳಗೆ ಅಂಗಡಿ, ಮೇಲೆ ಉಪ್ಪರಿಗೆ, ಹಂಚಿನ ಮಾಡು. ಮಲೆನಾಡಿನ ಯಾವ ಹಳೆಯ ಪೇಟೆಯಲ್ಲೂ ಕಾಣುವಂಥದ್ದು. ಹಂಚು ಮಂಗಳೂರಿನದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಘಟ್ಟ ಹತ್ತಿ ಬಂದ ಈ ಹಂಚು ಸೋಗೆ ಮಾಡುಗಳ ಜಾಗ ಹಿಡಿಯಿತು. ಬರೆಯುವವನು ಮೊದಲು ಹಿಡಿಯಬೇಕಾದದ್ದು ಸೂರಿನ ಗೆರೆ. ದೂರದಿಂದ ಅದು ನೇರ ಕಾಣುತ್ತದೆ. ಪೆನ್ಸಿಲನ್ನು ಅಡ್ಡಹಿಡಿದು ಅಳೆದರೆ ನಡುವೆ ಎರಡು ಬೆರಳಿನಷ್ಟು ಜಗ್ಗಿರುವುದು ತಿಳಿಯುತ್ತದೆ. ನೂರಾರು ಮಳೆಗಾಲದ ನೀರು ಹೊತ್ತ ತೊಲೆ ಕುಳಿತಿದೆ. ಆ ಜಗ್ಗು ಈ ಮನೆಗೆ ಮಾತ್ರ ಸೇರಿದ್ದು. ಅದನ್ನು ನೇರ ಎಳೆದರೆ ಅದು ಯಾರದೋ ಮನೆ. ಅಲ್ಲಿಂದ ಇಳಿದರೆ ಉಪ್ಪರಿಗೆಯ ಮರದ ಕಟಾಂಜನ, ಅದರ ಕೆಳಗೆ ಜಗಲಿಯ ಮುಂಡಿಗೆ, ಮುಂಡಿಗೆಯ ನೆತ್ತಿಯಲ್ಲಿ ಬೋದಿಗೆ, ಬೋದಿಗೆ ಹೊತ್ತ ತೊಲೆ. ಯಾವುದು ಯಾವುದರ ಮೇಲೆ ಕುಳಿತಿದೆ ಎಂಬುದನ್ನು ಕೈ ಒಂದೊಂದಾಗಿ ಕೇಳುತ್ತ ಹೋಗುತ್ತದೆ. ಕಡೆಗೆ ಅಂಗಡಿಯ ಬಾಗಿಲು. ಅದು ಹಲಗೆಬಾಗಿಲು: ಕೆಳಗೆ ಮೇಲೆ ಗಾಡಿ ಕೊರೆದು, ಹಲಗೆಗಳನ್ನು ಒಂದರ ಪಕ್ಕ ಒಂದು ಜಾರಿಸಿ ಮುಚ್ಚುವಂಥದ್ದು. ಆ ಹಲಗೆಗಳ ಸಂದು ಒಂದೇ ಅಳತೆಯಲ್ಲಿ ಇರುವುದಿಲ್ಲ. ಎಲ್ಲಿ ಹಳೆಯದು ಸವೆದಿದೆ, ಎಲ್ಲಿ ಹೊಸದು ಬಂದಿದೆ ಎಂಬುದು ಸಂದಿನಲ್ಲೇ ಬರೆದಿದೆ.

ಈಗ ಬಣ್ಣ. ಮಾಡಿನ ಕೆಂಪಿಗೆ ಪೆಟ್ಟಿಗೆಯ ಬರ್ನ್ಟ್ ಸಿಯೆನ್ನಾ, ಲೈಟ್ ರೆಡ್, ಇಂಡಿಯನ್ ರೆಡ್. ಇವೆಲ್ಲದರ ಬಣ್ಣ ಕಬ್ಬಿಣದ ಆಕ್ಸೈಡಿನದು. ಚಿರೇಕಲ್ಲಿನ, ಕೆಮ್ಮಣ್ಣಿನ, ಕಾವಿಯ ಕೆಂಪೂ ಅದರದ್ದೇ. ಬಿಸಿಲು ಬೀಳದ ಮಗ್ಗುಲಲ್ಲಿ ಹಂಚು ಪಾಚಿಗಟ್ಟಿ ಕಪ್ಪಾಗಿರುತ್ತದೆ, ಅಲ್ಲಿ ಕೆಂಪು ಒಣಗುವ ಮೊದಲೇ ಹಸಿರು-ನೀಲಿ ಬೀಳಬೇಕು. ಗೋಡೆಯ ಬುಡದಲ್ಲಿ ಸೂರಿನ ನೀರು ಸಿಡಿದು ಎರಡು ಅಡಿ ಎತ್ತರದವರೆಗೆ ಮಣ್ಣಿನ ಕಲೆ. ಕೊನೆಗೆ ಸೂರಿನ ನೆರಳು: ಅಲ್ಟ್ರಾಮರೀನಿಗೆ ಒಂದಿಷ್ಟು ಕಂದು ಸೇರಿಸಿ, ದೊಡ್ಡ ಕುಂಚದಲ್ಲಿ, ಗೋಡೆ, ಕಿಟಕಿ, ಕಟಾಂಜನ, ಹಲಗೆ ಎಂದು ಎಲ್ಲೂ ನಿಲ್ಲದೆ ಒಂದೇ ಎಳೆತ. ಗೆರೆ ಇರುವುದರಿಂದಲೇ ಇದು ಸಾಧ್ಯ. ಕಿಟಕಿ ಎಲ್ಲಿ ಮುಗಿಯಿತು, ಹಲಗೆ ಎಲ್ಲಿ ಶುರುವಾಯಿತು ಎಂಬುದನ್ನು ಗೆರೆ ನೋಡಿಕೊಳ್ಳುತ್ತದೆ, ಬಣ್ಣಕ್ಕೆ ಆ ಚಿಂತೆಯೇ ಇಲ್ಲ. ಗೆರೆ ಇಲ್ಲದವನು ಪ್ರತಿ ಕಿಟಕಿಯ ಅಂಚನ್ನೂ ಬಣ್ಣದಿಂದಲೇ ಕಾಯಬೇಕು. ಕಾದು ಕಾದು ಅವನ ಬಣ್ಣ ಬಿಗಿಯುತ್ತದೆ, ಇಲ್ಲವೆ ಕಾಯಲಾಗದೆ ಕಟ್ಟಡವನ್ನೇ ಮಸುಕಿನಲ್ಲಿ ಮುಳುಗಿಸುತ್ತಾನೆ. ಗೆರೆ ಬಣ್ಣವನ್ನು ಕಟ್ಟಿಹಾಕುತ್ತದೆ ಎಂಬ ಆರೋಪ ತಲೆಕೆಳಗಾದದ್ದು. ಬಣ್ಣವನ್ನು ಬಿಡಿಸುವುದೇ ಗೆರೆ.

ತಾಳಮದ್ದಳೆ ಬಲ್ಲ ಈ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಪ್ರಸಂಗದ ಪದ್ಯ ಮೊದಲೇ ಗೊತ್ತಿರುತ್ತದೆ, ಭಾಗವತರು ಹಾಡುತ್ತಾರೆ, ಅರ್ಥಧಾರಿಯ ಮಾತು ಆ ಕ್ಷಣದಲ್ಲಿ ಹುಟ್ಟುತ್ತದೆ. ಪದ್ಯ ಇದೆಯೆಂದು ಅರ್ಥಧಾರಿಯ ಪ್ರತಿಭೆ ಕಡಿಮೆಯಾಯಿತು ಎಂದು ಯಾರೂ ಹೇಳಿದ್ದಿಲ್ಲ.

ಶುದ್ಧವಾದಿಗಳ ಸಿಟ್ಟಿಗೆ ಒಂದು ಕಾರಣವಂತೂ ಇದೆ, ಅದನ್ನು ಒಪ್ಪಬೇಕು. ಗೆರೆ-ಬಣ್ಣದ ಹೆಸರಿನಲ್ಲಿ ಕೆಟ್ಟ ಕೆಲಸ ರಾಶಿ ಬೀಳುತ್ತಿದೆ. ಇಡೀ ಮನೆಯನ್ನು ಒಂದೇ ದಪ್ಪದ ಕಪ್ಪು ಪೆನ್ನಿನಿಂದ ಸುತ್ತುಗಟ್ಟಿ, ಒಳಗೆ ಒಂದೊಂದು ಖಾನೆಗೂ ಒಂದೊಂದು ಬಣ್ಣ ತುಂಬುವುದು. ಹಂಚನ್ನು ಒಂದೊಂದಾಗಿ ಎಣಿಸಿ ಬರೆಯುವುದು. ನೆರಳೇ ಇಲ್ಲದ ಬಿಸಿಲು. ಇಂಥ ಹಾಳೆ ಸತ್ತಂತೆ ಕಾಣುತ್ತದೆ, ನಿಜ. ತಪ್ಪು ಗೆರೆಯದಲ್ಲ, ಗೆರೆಯನ್ನು ಬೇಲಿಯಾಗಿ ಬಳಸಿದ್ದು. ಬೆಳಕು ಬಿದ್ದ ಕಡೆ ಗೆರೆ ತುಂಡಾಗಬೇಕು, ಭಾರ ಕುಳಿತ ಕಡೆ ದಪ್ಪವಾಗಬೇಕು, ನಾಲ್ಕು ಹಂಚು ಬರೆದು ನಲವತ್ತನ್ನು ನೋಡುವವನ ಕಣ್ಣಿಗೆ ಬಿಡಬೇಕು. ಬಣ್ಣ ಅಲ್ಲಲ್ಲಿ ಗೆರೆ ದಾಟಿ ಹೊರಬರಬೇಕು, ಅಲ್ಲಲ್ಲಿ ಗೆರೆ ಮುಟ್ಟದೆ ಬಿಳಿ ಉಳಿಯಬೇಕು. ಕೆಟ್ಟ ಗೆರೆಗೆ ಮದ್ದು ಒಳ್ಳೆಯ ಗೆರೆ. ಗೆರೆಯನ್ನೇ ನಿಷೇಧಿಸಿದರೆ ಕಲಿಯುವವನಿಗೆ ತನ್ನ ದೌರ್ಬಲ್ಯ ಬಚ್ಚಿಡಲು ಮಂಜು ಸಿಗುತ್ತದೆ, ಅಷ್ಟೆ. ಈಗಿನ ಶಿಬಿರಗಳಲ್ಲಿ ಆಗುತ್ತಿರುವುದು ಅದೇ. ಒದ್ದೆ ಬಣ್ಣಕ್ಕೆ ಜಗತ್ತೇ ಗುರುವೆಂದು ನೋಡುವ ಆಸ್ಟ್ರೇಲಿಯಾದ ಜೋಸೆಫ್ ಜ್ಬುಕ್ವಿಚ್ ಕೂಡ ಬೀದಿ ಬರೆಯುವಾಗ ಪೆನ್ಸಿಲಿನಿಂದಲೇ ಶುರುಮಾಡುತ್ತಾರೆ. ಅವರ ಅನುಯಾಯಿಗಳು ಮೊದಲ ಹೆಜ್ಜೆಯನ್ನು ಮರೆತು ಎರಡನೆಯದನ್ನು ಮಾತ್ರ ಕಲಿತು ಬಂದಿದ್ದಾರೆ.

"ಫೋಟೊ ಇರುವಾಗ ಇಷ್ಟು ವಿವರ ಬರೆದು ಏನಾಗಬೇಕು, ಚಿತ್ರದಲ್ಲಿ ಭಾವ ಇದ್ದರೆ ಸಾಕು" ಎಂಬುದು ಇನ್ನೊಂದು ವಾದ. ಇದಕ್ಕೆ ಉತ್ತರ 1845ರಲ್ಲೇ ಸಿಕ್ಕಿತ್ತು. ಆ ವರ್ಷ ವೆನಿಸ್‌ಗೆ ಹೋದ ಜಾನ್ ರಸ್ಕಿನ್ ಆಗ ತಾನೇ ಬಂದ ಡಗೆರೋಟೈಪ್ ಛಾಯಾಚಿತ್ರಗಳನ್ನು ಕೊಂಡ, ಮನಸಾರೆ ಮೆಚ್ಚಿದ. ಆಮೇಲೂ ಪೆನ್ಸಿಲು, ಮಸಿ, ನೀರುಬಣ್ಣ ಹಿಡಿದು ಅದೇ ಅರಮನೆಗಳ ಮುಂದೆ ವರ್ಷಗಟ್ಟಲೆ ಕುಳಿತ. ದುರಸ್ತಿಯ ಹೆಸರಿನಲ್ಲಿ ಅವು ಹಾಳಾಗುತ್ತಿರುವುದನ್ನು ಕಂಡು ತಳಮಳಿಸಿದ. ಫೋಟೊ ಒಂದು ಕ್ಷಣದ ಬೆಳಕನ್ನು ಹಿಡಿಯುತ್ತದೆ. ತೊಲೆಯ ಭಾರ ಬೋದಿಗೆಗೆ ಹೇಗೆ ಇಳಿಯಿತು ಎಂದು ತಿಳಿಯದೆಯೇ ಫೋಟೊ ತೆಗೆಯಬಹುದು. ತಿಳಿಯದೆ ಬರೆಯಲು ಬರುವುದಿಲ್ಲ.

ಈ ಚರ್ಚೆ ಕಲಾಶಾಲೆಯ ಒಳಜಗಳವಾಗಿ ಉಳಿದಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಹಳೆಯ ಮನೆಗಳು ಕಣ್ಣೆದುರೇ ಇಳಿಯುತ್ತಿವೆ. ಅಡಿಕೆ ತೋಟದ ಅಂಚಿನ ಉಪ್ಪರಿಗೆ ಮನೆಗೆ ಆರ್‌ಸಿಸಿ ತಾರಸಿ ಬರುತ್ತದೆ, ಮುಂಡಿಗೆಗಳು ಬೆಂಗಳೂರಿನ ಯಾವುದೋ ರೆಸಾರ್ಟಿಗೆ ಹೋಗುತ್ತವೆ. ಮನೆಯವರನ್ನು ದೂರುವಂತಿಲ್ಲ. ಹಂಚು ಕೈಯಾಡಿಸುವ ಆಳು ಸಿಗುವುದಿಲ್ಲ, ಮರದ ಬೆಲೆ ಕೈಗೆಟಕುವುದಿಲ್ಲ, ಮಕ್ಕಳು ಊರಲ್ಲಿಲ್ಲ. ಮನೆ ಉಳಿಸುವುದು ಚಿತ್ರಕಾರನ ಕೈಯಲ್ಲಿಲ್ಲ. ಅದು ಹೇಗೆ ನಿಂತಿತ್ತು ಎಂಬುದನ್ನು ಉಳಿಸುವುದು ಇದೆ. ಅದೇ ಹೊತ್ತಿಗೆ ಇಲ್ಲಿನ ಮಕ್ಕಳು ಜಲವರ್ಣದಲ್ಲಿ ಬರೆಯುವುದೇನು? ಸೂರ್ಯಾಸ್ತ, ತೆಂಗಿನ ಮರ, ಜಲಪಾತ, ಎಲ್ಲಿಯದೂ ಅಲ್ಲದ ಒಂದು ಗುಡಿಸಲು. ಮಾಗೋಡು, ಸಾತೊಡ್ಡಿ, ಉಂಚಳ್ಳಿ ಜಲಪಾತಗಳು ಬೇಡವೆಂದಲ್ಲ. ಒದ್ದೆ ಬಣ್ಣ ಅವಕ್ಕೆ ಒಪ್ಪುತ್ತದೆ. ಆದರೆ ಯಲ್ಲಾಪುರದ ಹುಡುಗನೊಬ್ಬ ತನ್ನ ಅಜ್ಜನ ಮನೆಯ ಜಗಲಿಯನ್ನು ಬರೆಯಲು ಹೆದರುವುದು, "ಗೆರೆ ಬಂದರೆ ನಂಬರು ಹೋಗುತ್ತದೆ" ಎಂದು ಹಿಂಜರಿಯುವುದು, ಯಾವ ಕಲೆಯ ಹೆಸರಿನಲ್ಲೂ ಸಮರ್ಥಿಸಲಾಗದ ನಷ್ಟ.

ಹೊರಗಿನ ಜಗತ್ತು ಈ ವಿಷಯದಲ್ಲಿ ಆಗಲೇ ದಾರಿ ಬದಲಿಸಿದೆ. ಸಿಯಾಟಲ್‌ನ ಪತ್ರಿಕಾ ಚಿತ್ರಕಾರ ಗೇಬ್ರಿಯಲ್ ಕ್ಯಾಂಪನಾರಿಯೊ 2007ರಲ್ಲಿ ಆರಂಭಿಸಿದ ಅರ್ಬನ್ ಸ್ಕೆಚರ್ಸ್ ಕೂಟ ಇಂದು ಭಾರತವೂ ಸೇರಿ ಜಗತ್ತಿನ ನೂರಾರು ಊರುಗಳಲ್ಲಿದೆ. ಸ್ಥಳದಲ್ಲೇ ಕುಳಿತು, ಕಂಡದ್ದನ್ನು, ಇದ್ದಂತೆ ಬರೆಯುವುದು ಅವರ ನಿಯಮ. ಅವರಲ್ಲಿ ಬಹುಪಾಲು ಜನರ ಚೀಲದಲ್ಲಿರುವುದು ಒಂದು ಪೆನ್ನು, ಒಂದು ಸಣ್ಣ ಬಣ್ಣದ ಪೆಟ್ಟಿಗೆ.

ಮಲೆನಾಡಿನಲ್ಲಿ ಈ ಕ್ರಮಕ್ಕೆ ಇನ್ನೊಂದು ಅನುಕೂಲವೂ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹಾಳೆ ಒಣಗುವುದಿಲ್ಲ. ಒಂದು ಪದರ ಬಣ್ಣ ಹಚ್ಚಿ ಅರ್ಧ ಗಂಟೆ ಕಾದರೂ ಒದ್ದೆಯೇ. ಎರಡನೆಯದು ಹಚ್ಚಿದರೆ ಎರಡೂ ಕಲಸಿ ಕೊಚ್ಚೆಯಾಗುತ್ತದೆ. ಬರೀ ಬಣ್ಣವನ್ನು ನಂಬಿದವನಿಗೆ ವರ್ಷದ ಮೂರನೇ ಒಂದು ಭಾಗ ಹೊರಗೆ ಕೆಲಸವಿಲ್ಲ. ಗೆರೆ ಬಲ್ಲವನು ಅಂಗಡಿಯ ಸೂರಿನ ಕೆಳಗೆ ನಿಂತು ನೀರಿಗೆ ಅಳಿಯದ ಮಸಿಯಲ್ಲಿ ಎದುರಿನ ಮನೆಯನ್ನು ಬರೆದುಕೊಂಡು, ಬಣ್ಣದ ಗುರುತನ್ನು ಅಂಚಿನಲ್ಲಿ ಟಿಪ್ಪಣಿ ಮಾಡಿಕೊಂಡು, ಮನೆಗೆ ಬಂದು ಒಲೆಯ ಬಿಸಿ ಇರುವಲ್ಲಿ ಬಣ್ಣ ಹಚ್ಚಬಹುದು. ಫೌಂಟನ್ ಪೆನ್ನಿನ ಸಾಮಾನ್ಯ ಶಾಯಿ ಮಾತ್ರ ಬೇಡ, ನೀರು ತಾಕಿದೊಡನೆ ಹರಡುತ್ತದೆ. ಹಾಳೆ 300 ಜಿಎಸ್‌ಎಂ ಆದರೆ ಒಳ್ಳೆಯದು, ತೆಳ್ಳಗಿನದು ಮಲೆನಾಡಿನ ಗಾಳಿಗೇ ಸೊಟ್ಟಗಾಗುತ್ತದೆ.

ಶಿಬಿರ ನಡೆಸುವವರು, ಲೋವರ್ ಮತ್ತು ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಶಿಕ್ಷಕರು ಮನಸ್ಸು ಮಾಡಿದರೆ ಆರಂಭಕ್ಕೆ ದೂರ ಹೋಗಬೇಕಿಲ್ಲ. ಬನವಾಸಿಯ ಮಧುಕೇಶ್ವರನ ಮುಂದಿನ ರಥಬೀದಿ, ಸಿದ್ದಾಪುರ ತಾಲ್ಲೂಕಿನ ಬಿಳಗಿಯ ರತ್ನತ್ರಯ ಬಸದಿ, ಸೋಂದೆಯಲ್ಲಿ ನಾಲ್ಕಾರು ಮೈಲಿಯ ಒಳಗೇ ಇರುವ ಸ್ವರ್ಣವಲ್ಲಿ ಮಠ, ವಾದಿರಾಜ ಮಠ, ಜೈನ ಮಠ, ಶಿರಸಿಯಲ್ಲಿ ಮಾರಿಕಾಂಬೆಯ ಗುಡಿ: ಮಕ್ಕಳನ್ನು ಕರೆದುಕೊಂಡು ಹೋಗಿ ಮೊದಲ ದಿನ ಬರೀ ಗೆರೆ ಬರೆಸಲಿ, ಎರಡನೆಯ ದಿನ ಅದೇ ಜಾಗದಲ್ಲಿ ಕೂರಿಸಿ ಬಣ್ಣ ಹಚ್ಚಿಸಲಿ. ಆ ಹಾಳೆಗಳನ್ನು ಶಾಲೆಯ ಗೋಡೆಗೆ ಹಾಕುವಾಗ ಕೆಳಗೆ ಊರಿನ ಹೆಸರು, ಬೀದಿಯ ಹೆಸರು, ತಾರೀಕು ಇರಲಿ. ತೀರ್ಪುಗಾರರು ಬಂದಾಗ "ಗೆರೆ ಯಾಕೆ ಕಾಣುತ್ತಿದೆ" ಎಂದು ಕೇಳುವುದನ್ನು ಬಿಟ್ಟು, "ಈ ಕಂಬ ಯಾವುದನ್ನು ಹೊತ್ತಿದೆ" ಎಂದು ಮಗುವನ್ನು ಕೇಳಲಿ.